ಪುಟ್ಟಿಗೆ, ಆ ಜಪಾನಿ ಕಳ್ಳನ ಕಾರ್ಟೂನ್ ಬಗ್ಗೆ

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಹನ್ನೊಂದು ವರ್ಷದ ಹುಡುಗ ‘ಲುಪಿನ್ ದಿ ಥರ್ಡ್’ ಅನ್ನೋ ಹಳೇ ಕಾರ್ಟೂನಿಗೆ ಅಂಟಿಕೊಂಡಿದ್ದಾನೆ, ಹೀರೋನೇ ಕಳ್ಳ, ಇವನು ಏನು ಕಲಿತಾನೋ, ನಿಲ್ಲಿಸಿಬಿಡಲಾ ಅಂತ ಕೇಳಿದ್ದೀಯ. ಬೇಡ ಕಣಮ್ಮಾ. ಟಿವಿ ಆಫ್ ಮಾಡಬೇಡ. ಪಕ್ಕದಲ್ಲಿ ಕೂತು ನೋಡು.

ನಾವು ಟೋಕಿಯೋದಲ್ಲಿದ್ದದ್ದು ನಿಮಗೆಲ್ಲ ಗೊತ್ತೇ ಇದೆ. 1979. ಸೋಮವಾರ ಸಂಜೆ ಏಳಕ್ಕೆ ಅದೇ ಬರುತ್ತಿತ್ತು, ಕೆಂಪು ಕೋಟಿನ ಲುಪಿನ್. ನಮ್ಮ ದೊಡ್ಡವನಿಗೆ ಆಗ ಎಂಟು ವರ್ಷ. ಲುಪಿನ್ ಜೊತೆಗಾರರು, ಕತ್ತಿ ಹಿಡಿದ ಗೊಯೆಮೋನ್, ಟೋಪಿ ಕಣ್ಣಿಗೆ ಎಳೆದುಕೊಂಡ ಜಿಗೆನ್, ಇವರನ್ನು ನೋಡುತ್ತಾ ಕೂತರೆ ತಟ್ಟೆಯಲ್ಲಿ ಅನ್ನ ಆರಿಹೋಗುತ್ತಿತ್ತು. ಒಂದು ದಿನ ಸಿಟ್ಟು ಬಂತು. ‘ಕಳ್ಳರ ಕಥೆ ನಮ್ಮ ಮನೇಲಿ ಬೇಡ’ ಅಂತ ಅರ್ಧಕ್ಕೇ ಆರಿಸಿದೆ. ಅವನು ಅಳಲಿಲ್ಲ. ಎದ್ದು ಹೋದ ಅಷ್ಟೆ.

ಮುಂದಿನ ವಾರದಿಂದ ಸೋಮವಾರ ಸಂಜೆ ಗೆಳೆಯನ ಮನೇಲಿ ಹೋಮ್‌ವರ್ಕ್ ಅಂದ. ನಂಬಿದೆವು. ಚಳಿಗಾಲದ ಒಂದು ರಾತ್ರಿ ಎಂಟಾದರೂ ಬರಲಿಲ್ಲ. ಗೆಳೆಯನ ಮನೆಯಲ್ಲಿ ಕೇಳಿದರೆ, ಅವನು ಇಲ್ಲಿಗೆ ಯಾವತ್ತೂ ಬಂದೇ ಇಲ್ಲ ಅಂದರು. ನಿಮ್ಮ ದೊಡ್ಡಮ್ಮ ಸ್ವೆಟರ್ ಕೂಡ ಹಾಕದೆ ಬೀದಿಗೆ ಓಡಿದಳು. ಕೊನೆಗೆ ಸ್ಟೇಷನ್ ಹತ್ತಿರ ಟಿವಿ ಅಂಗಡಿ ಮುಂದೆ ಸಿಕ್ಕಿದ. ಅಂಗಡಿಯವರು ಶಟರ್ ಎಳೆಯುತ್ತಿದ್ದರು. ಗಾಜಿನ ಮೇಲೆ ಇವನ ಉಸಿರಿನ ಮಂಜು, ಮಧ್ಯೆ ಬೆರಳಲ್ಲಿ ಒರೆಸಿದ ರೂಪಾಯಿ ಅಗಲದ ಕಿಂಡಿ. ತಡವಾಯಿತು, ಅಪ್ಪ ಬೈತಾರೆ ಅಂತ ಹೆದರಿ ಅಲ್ಲೇ ನಿಂತಿದ್ದ. ಕೈ ಹಿಡಿದರೆ ಮಂಜುಗಡ್ಡೆ. ಲುಪಿನ್ ನೋಡಿ ಅವನು ಏನೂ ಕದಿಯಲಿಲ್ಲ ಪುಟ್ಟಿ. ನಾನು ಟಿವಿ ಆರಿಸಿದ್ದಕ್ಕೆ ಸುಳ್ಳು ಹೇಳೋದು ಕಲಿತ. ಅದಕ್ಕೇ ಇನ್ನೊಂದು ಸಲ ಹೇಳ್ತೀನಿ, ಆಫ್ ಮಾಡಬೇಡ, ಪಕ್ಕದಲ್ಲಿ ಕೂತ್ಕೋ.

ಆಮೇಲೆ ನಾನೂ ಅವನ ಜೊತೆ ಕೂತೆ. ಟೇಪ್ ರೆಕಾರ್ಡರನ್ನು ಟಿವಿ ಹತ್ತಿರ ಹಿಡಿದು ಆ ಕಾರ್ಟೂನಿಗೆ ಯೂಜಿ ಓನೋ ಮಾಡಿದ ಸಂಗೀತ ರೆಕಾರ್ಡ್ ಮಾಡಿದ್ದೆ. ಲುಪಿನ್‌ಗೆ ದನಿ ಕೊಟ್ಟ ಯಾಸುವೋ ಯಾಮಾದಾ ನಗು, ಅದರ ಹಿಂದೆಯೇ ನಮ್ಮ ಹುಡುಗನ ನಗು, ಎರಡೂ ಆ ಕ್ಯಾಸೆಟ್‌ನಲ್ಲಿದ್ದವು. ಊರಿಗೆ ಬಂದ ಮೇಲೆ ಮದುವೆ ಮನೆಗೆ ಬೇಕು ಅಂತ ಟೇಪ್ ರೆಕಾರ್ಡರ್ ತಗೊಂಡು ಹೋದರು. ಅದೇನೋ ವಾಪಸ್ ಬಂತು, ಒಳಗಿದ್ದ ಕ್ಯಾಸೆಟ್ ಬರಲಿಲ್ಲ. ಎಷ್ಟು ಸಲ ಕೇಳಿದೆ! ‘ಒಂದು ಕ್ಯಾಸೆಟ್‌ಗೆ ಇಷ್ಟೊಂದಾ’ ಅಂದರು. ತಗೊಂಡವರು ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಯಾಮಾದಾ 1995ರಲ್ಲಿ ತೀರಿಕೊಂಡರು. ಹೋದ ತಿಂಗಳು ಮೊಮ್ಮಗಳು ಮತ್ತೆ ಆ ಕಂತುಗಳನ್ನು ಹಾಕಿಕೊಟ್ಟಳು. ಆ ನಗು ಕೇಳಿದ ತಕ್ಷಣ ಕ್ಯಾಸೆಟ್ಟೇ ನೆನಪಾಯಿತು.

ಅಯ್ಯೋ, ಮುಖ್ಯ ವಿಷಯವೇ ಬಿಟ್ಟೆ. ಅವನು ನೋಡ್ತಿರೋದು ಯಾವ ಸರಣಿ? ಹಸಿರು ಕೋಟಾದರೆ 1971ರದು, 23 ಕಂತು. ಶುರುವಿನವನ್ನು ದೊಡ್ಡವರಿಗೆ ಅಂತ ಮಾಡಿದ್ದು. ಮೊದಲ ಕಂತಿನಲ್ಲೇ ಲುಪಿನ್ ಜೊತೆ ಬರುವ ಫುಜಿಕೋ ಅನ್ನೋ ಹೆಂಗಸನ್ನು ಕಟ್ಟಿಹಾಕುವ ದೃಶ್ಯ ಇದೆ. ನೋಡುವವರು ಕಡಿಮೆ ಆದರು ಅಂತ ನಡುವೆ ಮಿಯಾಝಾಕಿ, ತಕಹಾತಾ ಅನ್ನೋ ನಿರ್ದೇಶಕರ ಕೈಗೆ ಕೊಟ್ಟರು, ಆಮೇಲೆ ಹಗುರಾಯಿತು. ಆ ಶುರುವಿನ ಕಂತು ಈಗ ಬೇಡ. 1979ರಲ್ಲಿ ಮಿಯಾಝಾಕಿ ಮಾಡಿದ ‘ಕ್ಯಾಸಲ್ ಆಫ್ ಕಾಗ್ಲಿಯೋಸ್ಟ್ರೋ’ ಸಿನಿಮಾ ಹಾಕು. ಕ್ಯಾಸಿನೋದಿಂದ ಕದ್ದ ನೋಟು ಪುಟಾಣಿ ಫಿಯೆಟ್ ಕಾರಿನ ತುಂಬ ಇರುತ್ತೆ. ಎಲ್ಲಾ ಖೋಟಾ ಅಂತ ಗೊತ್ತಾಗಿ ದಾರಿಯುದ್ದಕ್ಕೂ ಎಸೆದುಬಿಡ್ತಾರೆ. ಭಾನುವಾರ ಹಾಕು, ನಾನೂ ಬರ್ತೀನಿ.