ಗರ್ಭಪಾತದ ಮಾತ್ರೆ ತಗೊಂಡ ಮೇಲೆ ರಕ್ತಸ್ರಾವ ಎಷ್ಟು ದಿನ? ಸ್ತ್ರೀರೋಗ ತಜ್ಞೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹೆಸರು ಬೇಡ ಎಂದಿದ್ದಾರೆ): ಮೇಡಂ, ಒಂದು ಮಗುವಿದೆ, ಈಗಲೇ ಇನ್ನೊಂದು ಬೇಡ ಅಂತ ಏಳನೇ ವಾರದಲ್ಲಿ ಡಾಕ್ಟರ್ ಬರೆದುಕೊಟ್ಟ ಮಾತ್ರೆ ತಗೊಂಡೆ. ಮೊದಲು ಒಂದು, ಎರಡು ದಿನ ಬಿಟ್ಟು ನಾಲ್ಕು. ಆ ನಾಲ್ಕು ತಗೊಂಡ ದಿನ ಸಿಕ್ಕಾಪಟ್ಟೆ ಹೋಯಿತು, ಗಡ್ಡೆಗಡ್ಡೆಯಾಗಿ. ಮರುದಿನದಿಂದ ಕಡಿಮೆಯಾಯಿತು. ಆದರೆ ಎರಡು ವಾರ ಆಗುತ್ತಾ ಬಂದರೂ ಪೂರ್ತಿ ನಿಂತಿಲ್ಲ. ದಿನಕ್ಕೆ ಎರಡು ಪ್ಯಾಡ್, ಅದೂ ಅರ್ಧ ನೆನೆದಿರುತ್ತದೆ. ಜ್ವರ, ನೋವು ಇಲ್ಲ. ಸ್ಕ್ಯಾನ್ ಮಾಡಿಸಿದರೆ 'ಚೀಲ ಇಲ್ಲ, ಎಂಡೊಮೆಟ್ರಿಯಂ (ಗರ್ಭಕೋಶದ ಒಳಪದರ) 13 ಮಿ.ಮೀ., ಒಳಗೆ ಸ್ವಲ್ಪ ರಕ್ತ ಉಳಿದಿದೆ' ಅಂತ ಬಂತು. ಅತ್ತಿಗೆ 'ಕಸ ಉಳಿದಿದೆ, ಕ್ಲೀನಿಂಗ್ ಮಾಡಿಸಿಬಿಡು' ಅಂತಾರೆ. ಮಾಡಿಸಲೇಬೇಕಾ?

ಉತ್ತರ: ನೀವು ಬರೆದದ್ದರಲ್ಲಿ ಕ್ಲೀನಿಂಗ್‌ಗೆ ಕಾರಣ ಆಗುವಂಥದ್ದು ನನಗೆ ಒಂದೂ ಕಾಣಲಿಲ್ಲ.

ಮೊದಲ ಮಾತ್ರೆ ಮಿಫೆಪ್ರಿಸ್ಟೋನ್. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸವನ್ನು ಅದು ತಡೆಯುತ್ತದೆ. ನಂತರದ ನಾಲ್ಕು ಮಿಸೊಪ್ರೊಸ್ಟಾಲ್. ಗರ್ಭಕೋಶ ಹಿಂಡಿಕೊಂಡು ಒಳಗಿನದನ್ನು ಹೊರಗೆ ತಳ್ಳುತ್ತದೆ. ಸಾಮಾನ್ಯವಾಗಿ ಒಂದರಿಂದ ನಾಲ್ಕು ಗಂಟೆಯೊಳಗೆ ಶುರುವಾಗಿ, ಮುಂದಿನ ಕೆಲವು ಗಂಟೆ ಜೋರಾಗಿ ಹೋಗುತ್ತದೆ. ಗರ್ಭ ಹೋಗುವುದು ಆಗಲೇ. ಆಮೇಲೆ ದಿನಗಟ್ಟಲೆ ಜಿನುಗುವುದು ಉಳಿದ ಒಳಪದರ ಮತ್ತು ರಕ್ತ. ಬಹಳ ಜನರಿಗೆ 9ರಿಂದ 16 ದಿನ, ಕೆಲವರಿಗೆ 30 ದಿನದ ತನಕವೂ ಕಲೆ ಕಾಣುತ್ತದೆ. ನಡುವೆ ಎರಡು ದಿನ ನಿಂತು, ಬಟ್ಟೆ ಒಗೆದ ದಿನ ಅಥವಾ ಬಸ್ಸಲ್ಲಿ ನಿಂತು ಬಂದ ದಿನ ಮತ್ತೆ ಸ್ವಲ್ಪ ಕಾಣಿಸಿಕೊಳ್ಳಬಹುದು. ಇದು ಎಷ್ಟು ದಿನ ಆಯಿತು ಅನ್ನುವುದಕ್ಕಿಂತ ಎಷ್ಟು ಹೋಗುತ್ತಿದೆ ಅನ್ನುವುದೇ ಮುಖ್ಯ.

ಇನ್ನು ಸ್ಕ್ಯಾನ್. ಈ ಹೊತ್ತಿನಲ್ಲಿ ಯಾರಿಗೆ ಸ್ಕ್ಯಾನ್ ಮಾಡಿದರೂ ಒಳಗೆ ಏನಾದರೂ ಕಂಡೇ ಕಾಣುತ್ತದೆ. 13 ಮಿ.ಮೀ. ಅನ್ನುವ ಅಂಕಿ ನೋಡಿ ಮಾತ್ರ ಯಾರಿಗೂ ಕ್ಲೀನಿಂಗ್ ಮಾಡಬಾರದು. ಸ್ಕ್ಯಾನ್‌ನಲ್ಲಿ ನಾನು ನೋಡುವುದು ಒಂದೇ: ಗರ್ಭದ ಚೀಲ ಹೋಗಿದೆಯಾ, ಇಲ್ಲವಾ. ನಿಮ್ಮದು ಹೋಗಿದೆ. ನೀವೂ ಆರಾಮಾಗಿದ್ದೀರಿ. ಕಾಯಬಹುದು. ಗರ್ಭ ಮುಂದುವರಿದಿದ್ದರೆ, ರಕ್ತ ತುಂಬಾ ಹೋಗುತ್ತಿದ್ದರೆ, ಸೋಂಕು ತಗುಲಿದ್ದರೆ ಆಗ ಬೇರೆ ಮಾತು. ಆಗಲೂ ಕೆರೆದು ತೆಗೆಯುವ ಹಳೆಯ ಡಿ ಅಂಡ್ ಸಿ ಬೇಡ, ಹೀರಿ ತೆಗೆಯುವ ಸಕ್ಷನ್ ವಿಧಾನ ಸುರಕ್ಷಿತ. ಕೇಳಿ ಮಾಡಿಸಿಕೊಳ್ಳಿ. ಕೆಲವರಿಗೆ ಇನ್ನೊಂದು ಡೋಸ್ ಮಿಸೊಪ್ರೊಸ್ಟಾಲ್‌ನಲ್ಲೇ ಮುಗಿಯುತ್ತದೆ, ಅದನ್ನು ಡಾಕ್ಟರ್ ನೋಡಿ ಕೊಡಬೇಕು. ಮಾತ್ರೆ ಬರೆದುಕೊಟ್ಟವರಿಗೆ ಈ ರಿಪೋರ್ಟ್ ತೋರಿಸಿ. 14ನೇ ದಿನಕ್ಕೆ ಹೇಗೂ ಹೋಗಲೇಬೇಕಲ್ವಾ.

ಅದೇ ಸದಸ್ಯೆ: ಹಾಗಾದರೆ ಯಾವಾಗ ಆಸ್ಪತ್ರೆಗೆ ಓಡಬೇಕು?

ಉತ್ತರ: ದೊಡ್ಡ ಸೈಜಿನ ಪ್ಯಾಡ್ ಗಂಟೆಗೆ ಎರಡರಂತೆ, ಸತತ ಎರಡು ಗಂಟೆ ಪೂರ್ತಿ ನೆನೆದರೆ ಹೊರಡಿ. ಪೂರ್ತಿ ಅಂದರೆ ಹಿಂದೆ ಮುಂದೆ, ಎರಡೂ ಅಂಚಿಗೆ ತುಂಬಿ, ಕೈಗೆ ತಗೊಂಡರೆ ಭಾರ ಅನ್ನಿಸುವಷ್ಟು. ನಡುವೆ ಕೆಂಪಾಗಿದೆ ಅಂತ ಬದಲಾಯಿಸಿದ ಪ್ಯಾಡ್ ಈ ಲೆಕ್ಕಕ್ಕಿಲ್ಲ. ಮೊದಲ ದಿನ ನಿಂಬೆಹಣ್ಣಿನಷ್ಟು ಗಡ್ಡೆ ಬಂದರೆ ಗಾಬರಿ ಬೇಡ. ಅದಕ್ಕಿಂತ ದೊಡ್ಡವು ಬರುತ್ತಲೇ ಇದ್ದರೆ ಬೇಕು.

ಮಿಸೊಪ್ರೊಸ್ಟಾಲ್ ತಗೊಂಡ ದಿನ ಚಳಿ, ಜ್ವರ, ಭೇದಿ ಆಗಬಹುದು, ಅದು ಮಾತ್ರೆಯದೇ ಗುಣ. 24 ಗಂಟೆ ಕಳೆದ ಮೇಲೂ 100.4 ಡಿಗ್ರಿ ಅಥವಾ ಮೇಲೆ ಇದ್ದರೆ ಸೋಂಕು ಇರಬಹುದು. ಕೆಟ್ಟ ವಾಸನೆಯ ಸ್ರಾವ, ನೋವಿನ ಮಾತ್ರೆಗೂ ಬಗ್ಗದ ಹೊಟ್ಟೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ಜ್ವರವಿಲ್ಲದೆಯೂ ವಾಂತಿ ಮತ್ತು ವಿಪರೀತ ಸುಸ್ತು, ಇವಕ್ಕೆ ಬೆಳಗಾಗಲಿ ಅಂತ ಕಾಯಬೇಡಿ. ವಾಹನ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನೊಬ್ಬರು: ನಾನು ಮೆಡಿಕಲ್ ಶಾಪ್‌ನಿಂದ ಸುಮ್ನೆ ಕಿಟ್ ತಂದು ತಗೊಂಡೆ. ಸ್ಕ್ಯಾನ್ ಮಾಡಿಸಿರಲಿಲ್ಲ. ನಾಲ್ಕು ಮಾತ್ರೆ ಆಗಿ ಮೂರು ದಿನ, ಬರೀ ಕಲೆ ಅಷ್ಟೇ. ಎಡಗಡೆ ಸ್ವಲ್ಪ ನೋವು. ಪುಣ್ಯಕ್ಕೆ ಜಾಸ್ತಿ ಹೋಗಲಿಲ್ಲ ಅಂದುಕೊಳ್ಳಲಾ?

ಉತ್ತರ: ಬೇಡ. ಮೇಲಿನವರಿಗಿಂತ ನಿಮ್ಮ ವಿಷಯವೇ ನನಗೆ ಜಾಸ್ತಿ ಚಿಂತೆ. 24 ಗಂಟೆಯೊಳಗೆ ಸರಿಯಾಗಿ ರಕ್ತ ಹೋಗಿಲ್ಲ ಅಂದರೆ ಮಾತ್ರೆ ಕೆಲಸ ಮಾಡದೆ ಗರ್ಭ ಮುಂದುವರಿದಿರಬಹುದು. ಅಥವಾ ಗರ್ಭ ಗರ್ಭಕೋಶದಲ್ಲಲ್ಲ, ಟ್ಯೂಬಿನಲ್ಲಿ (ಅಂಡನಾಳದಲ್ಲಿ) ಕೂತಿರಬಹುದು. ಟ್ಯೂಬಿನ ಗರ್ಭಕ್ಕೆ ಈ ಮಾತ್ರೆ ನಾಟುವುದಿಲ್ಲ, ಟ್ಯೂಬ್ ಒಡೆದರೆ ರಕ್ತ ಹೊಟ್ಟೆಯೊಳಗೇ ಹೋಗುತ್ತದೆ, ಪ್ಯಾಡ್ ಮೇಲೆ ಕಾಣುವುದೇ ಇಲ್ಲ. ಒಂದು ಪಕ್ಕ ನೋವು ಬೇರೆ ಇದೆ ಅಂತೀರಿ. ಇವತ್ತೇ ಹೋಗಿ ಸ್ಕ್ಯಾನ್ ಮಾಡಿಸಿ. ಭುಜದ ತುದಿಯಲ್ಲಿ ನೋವು ಬಂದರೆ, ತಲೆಸುತ್ತಿದರೆ ನೇರ ಎಮರ್ಜೆನ್ಸಿಗೆ ಹೋಗಿ. ಇನ್ನೊಂದು ಕಿಟ್ ತಂದು ತಿನ್ನಬೇಡಿ.

ಡಾಕ್ಟರ್ ಹತ್ತಿರ 'ಮುಟ್ಟು ಏರುಪೇರು' ಅಂತ ಸುತ್ತಿ ಹೇಳಬೇಡಿ. ಯಾವ ಮಾತ್ರೆ, ಎಷ್ಟು, ಯಾವ ದಿನ, ಖಾಲಿ ಪಟ್ಟಿ ಇದ್ದರೆ ಅದನ್ನೇ ತೋರಿಸಿ. ಬೈಯುವವರು ಇದ್ದಾರೆ, ಗೊತ್ತು. ಬೈದರೆ ಬೈಯಲಿ, ಚಿಕಿತ್ಸೆ ಸರಿಯಾಗಿ ಆಗುತ್ತದೆ. ಈ ಕಿಟ್ ಡಾಕ್ಟರ್ ಚೀಟಿ ಇಲ್ಲದೆ ಮಾರುವಂಥದ್ದಲ್ಲ. ನಮ್ಮಲ್ಲಿ ಅದಕ್ಕೆ ಒಪ್ಪಿಗೆ ಇರುವುದು 9 ವಾರದ ತನಕ, ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ 63 ದಿನ.

ಮತ್ತೊಬ್ಬರು: ಹತ್ತು ದಿನ ಆದ ಮೇಲೂ ಯೂರಿನ್ ಟೆಸ್ಟ್‌ನಲ್ಲಿ ಎರಡು ಗೆರೆ ಬರ್ತಿದೆ.

ಉತ್ತರ: ಬರುತ್ತದೆ. ಆ ಟೆಸ್ಟ್ ಹಿಡಿಯುವ ಗರ್ಭದ ಹಾರ್ಮೋನ್ ರಕ್ತದಿಂದ ಇಳಿಯಲು ನಾಲ್ಕು ವಾರದ ತನಕ ಬೇಕಾಗಬಹುದು. ಅಲ್ಲಿಯವರೆಗೆ ಆ ಕಡ್ಡಿಗೆ ದುಡ್ಡು ಹಾಕಬೇಡಿ. ಆದರೆ ವಾಕರಿಕೆ, ಎದೆ ಬಿಗಿತ ಇಳಿದೇ ಇಲ್ಲ ಅಂದರೆ ಮಾತ್ರ ಬೇಗ ತೋರಿಸಿ.

ಮತ್ತೊಬ್ಬರು: ಅಮ್ಮ ಬಾಣಂತಿ ಥರ ನೋಡಿಕೊಳ್ತಿದ್ದಾರೆ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಸೊಪ್ಪು ಬೇಡ, ನೀರು ಕಡಿಮೆ ಕುಡಿ ಅಂತಾರೆ.

ಉತ್ತರ: ಹತ್ತಿ, ಸ್ಕಾರ್ಫ್ ಇರಲಿ ಬಿಡಿ, ಅಮ್ಮನಿಗೂ ಸಮಾಧಾನ. ನೀರು, ಸೊಪ್ಪು ಮಾತ್ರ ಬಿಡಬೇಡಿ. ರಕ್ತ ಹೋಗಿರುವ ದೇಹಕ್ಕೆ ಅವೇ ಬೇಕು. ಮುದ್ದೆ, ಸೊಪ್ಪಿನ ಸಾರು, ಕಾಳು, ತಿನ್ನುವವರಾದರೆ ಮೊಟ್ಟೆ, ಮಾಂಸ. ಹಿಮೋಗ್ಲೋಬಿನ್ ನೋಡಿಸಿಕೊಂಡು, ಕಡಿಮೆ ಇದ್ದರೆ ಕಬ್ಬಿಣದ ಮಾತ್ರೆ. ಅದನ್ನು ನಿಂಬೆ ಪಾನಕದ ಜೊತೆ ನುಂಗಿ. ಕಾಫಿ, ಟೀ ಒಂದು ಗಂಟೆ ದೂರ ಇರಲಿ. ಮಾತ್ರೆ ನುಂಗಿದ ಕೂಡಲೇ ಲೋಟ ಕಾಫಿ ಇಳಿಸಿ 'ರಕ್ತ ಏರ್ತಾನೇ ಇಲ್ಲ ಮೇಡಂ' ಅನ್ನುವವರನ್ನು ವಾರಕ್ಕೊಮ್ಮೆ ನೋಡುತ್ತೇನೆ. ಸೆಳೆತದ ನೋವಿಗೆ ಪ್ಯಾರಾಸಿಟಮಾಲ್‌ಗಿಂತ ಐಬುಪ್ರೊಫೆನ್ ಚೆನ್ನಾಗಿ ಹಿಡಿಯುತ್ತದೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇದ್ದವರು ಕೇಳಿ ತಗೊಳ್ಳಿ.

ಮೊದಲ ಸದಸ್ಯೆ: ಮುಂದಿನ ಮುಟ್ಟು ಯಾವಾಗ?

ಉತ್ತರ: ನಾಲ್ಕರಿಂದ ಆರು ವಾರಕ್ಕೆ. ಆದರೆ ಅಂಡ ಅದಕ್ಕೂ ಮೊದಲೇ, ಎಂಟು ಹತ್ತು ದಿನಕ್ಕೇ ಬಿಡುಗಡೆ ಆಗಬಹುದು. ಮುಟ್ಟು ಬರಲಿ, ಆಮೇಲೆ ನೋಡೋಣ ಅಂತ ಕೂತವರು ಮತ್ತೆ ಬಸಿರಾಗಿ ಬರುತ್ತಾರೆ. ಗರ್ಭನಿರೋಧಕ ಗುಳಿಗೆ ಈಗಲೇ ಶುರುಮಾಡಬಹುದು. ಬಿಪಿ, ಮೈಗ್ರೇನ್ ಇದ್ದರೆ ಯಾವ ಗುಳಿಗೆ ಅಂತ ಕೇಳಿ. ಕಾಪರ್-ಟಿ ಬೇಕಿದ್ದರೆ 14ನೇ ದಿನದ ಭೇಟಿಯಲ್ಲೇ, ಗರ್ಭಪಾತ ಪೂರ್ತಿ ಆಗಿದೆ ಅಂತ ಖಾತ್ರಿಯಾದ ಮೇಲೆ ಹಾಕಿಸಿಕೊಳ್ಳಬಹುದು. ಮುಂದೆ ಮಗು ಬೇಕು ಅಂದಾಗ ಗರ್ಭಪಾತದ ಈ ಮಾತ್ರೆಯಿಂದ ಅಡ್ಡಿಯಾಗುವುದಿಲ್ಲ.

ಹೆಸರು ಹೇಳದ ಇನ್ನೊಬ್ಬ ಸದಸ್ಯೆ: ಮದುವೆ ಆಗಿಲ್ಲ. ಆಸ್ಪತ್ರೆಗೆ ಹೋದರೆ ಗಂಡನ ಅಥವಾ ಅಪ್ಪನ ಸಹಿ ಕೇಳ್ತಾರಾ?

ಉತ್ತರ: 18 ತುಂಬಿದ್ದರೆ ನಿಮ್ಮ ಸಹಿ ಒಂದೇ ಸಾಕು. ಕಾನೂನು ಕೇಳುವುದೂ ಅಷ್ಟೇ. ಕೆಲವು ಕಡೆ ಅಭ್ಯಾಸಬಲದಿಂದ 'ಯಾರನ್ನಾದರೂ ಕರ್ಕೊಂಡ್ ಬಾ' ಅಂತಾರೆ. ಗರ್ಭಪಾತದ ಕಾನೂನಿಗೆ (ಎಂಟಿಪಿ ಕಾಯ್ದೆ) 2021ರಲ್ಲಿ ಆದ ತಿದ್ದುಪಡಿ ಮದುವೆಯಾಗದವರಿಗೂ ಅನ್ವಯಿಸುತ್ತದೆ, ನಿಮ್ಮ ಹೆಸರು ಗುಟ್ಟಾಗಿಡುವುದು ಡಾಕ್ಟರ ಜವಾಬ್ದಾರಿ ಅಂತ ಹೇಳಿ. ಆದರೂ ಒಪ್ಪದಿದ್ದರೆ ಅಲ್ಲೇ ವಾದ ಮಾಡುತ್ತಾ ವಾರ ಕಳೆಯಬೇಡಿ, ಜಿಲ್ಲಾಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹೋಗಿ.