ಎಂ1 ಕಾರ್ಬೈನ್ ಕೈಪಿಡಿಯಲ್ಲಿ "ತಪ್ಪುಗಳು": ಹೆಚ್ಚು ಬೆಲೆ ಕೊಡಬಹುದೇ?

ಹಳೇಕಾಗದ:
ಅಮೆರಿಕ ಸೈನ್ಯದ ಎಂ1 ಕಾರ್ಬೈನ್ (ಗಿಡ್ಡ, ಹಗುರ ರೈಫಲ್) ಕೈಪಿಡಿ, ಎಫ್‌ಎಂ 23-7, ಮೇ 1942ರ ಆವೃತ್ತಿಯ ಒಂದು ಪ್ರತಿ ಮಾರಾಟಕ್ಕಿದೆ. "ತಪ್ಪಚ್ಚಿನ ಅಪರೂಪದ ಪ್ರತಿ" ಎಂದು ಮಾಮೂಲಿ ದರದ ಎರಡರಷ್ಟು ಕೇಳುತ್ತಿದ್ದಾರೆ. ಅವರು ತೋರಿಸುವ ತಪ್ಪುಗಳು ಮೂರು. ಸೇಫ್ಟಿಯ, ಅಂದರೆ ಗುಂಡು ಹಾರದಂತೆ ತಡೆಯುವ ಭಾಗದ, ಲಿವರ್ ಇರಬೇಕಾದ ಕಡೆ ಒತ್ತುವ ಗುಂಡಿ ಇದೆ. ಗುರಿ ನೋಡುವ ಹಿಂಬದಿಯ ಸೈಟ್ ಅತ್ತಿತ್ತ ಹೊಂದಿಸುವಂಥದ್ದಲ್ಲ, ಮಗುಚುವ ಎಲೆಯದ್ದು. ಮುಂದಿನ ಅರ್ಧದಲ್ಲಿ ನಾಲ್ಕು, ಹಿಂದಿನ ಅರ್ಧದಲ್ಲಿ ನಾಲ್ಕು ಪುಟ ಎರಡೆರಡು ಸಲ ಬಂದಿವೆ. ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಕೊಡಬಹುದು? ಕೊಳ್ಳುವ ಮುಂಚೆ ಏನೇನು ನೋಡಬೇಕು?

ಕೋವಿಮನೆ:
ಮೊದಲೆರಡು ತಪ್ಪೇ ಅಲ್ಲ. 1942ರಲ್ಲಿ ಆ ಕಾರ್ಬೈನ್ ಇದ್ದದ್ದೇ ಹಾಗೆ. ಟ್ರಿಗರ್ ಗಾರ್ಡಿನ ಮುಂದೆ ಅಡ್ಡಕ್ಕೆ ಒತ್ತುವ ಸೇಫ್ಟಿ ಗುಂಡಿ, ಅದರ ಪಕ್ಕದಲ್ಲೇ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಕಳಚುವ ಕ್ಯಾಚಿನ ಗುಂಡಿ. ಅವಸರದಲ್ಲಿ ಒಂದಕ್ಕೆ ಬದಲು ಇನ್ನೊಂದನ್ನು ಒತ್ತಿದರೆ ಮ್ಯಾಗಜೀನ್ ಕಳಚಿ ನೆಲಕ್ಕೆ ಬೀಳುತ್ತಿತ್ತು. ಕಣ್ಣು ಹಾಯಿಸದೆ ಬೆರಳಿಗೇ ವ್ಯತ್ಯಾಸ ತಿಳಿಯಲಿ ಅಂತ ಆಮೇಲೆ ಸೇಫ್ಟಿಗೆ ತಿರುಗುವ ಲಿವರ್ ಬಂತು. ಸೈಟ್ ಕೂಡ ಎಲ್ ಆಕಾರದ್ದು: ಒಂದು ಮಗ್ಗುಲು 150 ಗಜಕ್ಕೆ, ಮಗುಚಿದರೆ 300ಕ್ಕೆ. ಹೊಂದಿಸುವ ಸೈಟ್ ತಡವಾಗಿ ಬಂತು.

ಗೊಂದಲ ಹುಟ್ಟುವುದು ಎಲ್ಲಿಂದ ಅಂದರೆ, ಯುದ್ಧದ ನಂತರ ಬಹುಪಾಲು ಕಾರ್ಬೈನ್‌ಗಳನ್ನು ಸೈನ್ಯದ ಕಾರ್ಯಾಗಾರಗಳಲ್ಲಿ ಬಿಚ್ಚಿ, ಲಿವರ್ ಮತ್ತು ಹೊಸ ಸೈಟ್ ಕೂರಿಸಿದರು. ಈಗ ಕಾಣಸಿಗುವ ಬಂದೂಕು ಹೆಚ್ಚಾಗಿ ಅಂಥದ್ದು. ಅದನ್ನು ಪಕ್ಕದಲ್ಲಿಟ್ಟುಕೊಂಡು 1942ರ ಪುಸ್ತಕ ತೆರೆದರೆ ಪುಸ್ತಕವೇ ತಪ್ಪು ಅನ್ನಿಸುತ್ತದೆ.

ಹಳತಾದ ಸೂಚನೆಯನ್ನೂ ಅಚ್ಚಿನ ತಪ್ಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಉದಾಹರಣೆಗೆ, ರೂಗರ್ ಕಂಪನಿಯ ಸಿಂಗಲ್ ಆಕ್ಷನ್ (ಪ್ರತಿ ಸಲ ಹ್ಯಾಮರ್ ಕೈಯಿಂದ ಎಳೆಯಬೇಕಾದ) ರಿವಾಲ್ವರಿಗೆ ಟ್ರಾನ್ಸ್‌ಫರ್ ಬಾರ್, ಅಂದರೆ ಟ್ರಿಗರ್ ಎಳೆದಾಗ ಮಾತ್ರ ಹ್ಯಾಮರಿನ ಏಟನ್ನು ಗುಂಡಿನತ್ತ ದಾಟಿಸುವ ಪಟ್ಟಿ, ಬಂದದ್ದು 1973ರಲ್ಲಿ. ಅದಕ್ಕೂ ಹಿಂದಿನ, ಮಾರ್ಪಾಡಾಗದ ಮಾದರಿಯಲ್ಲಿ ಹ್ಯಾಮರ್ ಕೆಳಗಿನ ಮನೆ ಖಾಲಿ ಬಿಟ್ಟು 5 ಗುಂಡು ಮಾತ್ರ ತುಂಬಬೇಕು. ಆರನೆಯದು ಇದ್ದರೆ ಬಂದೂಕು ಕೆಳಗೆ ಬಿದ್ದಾಗ ಹಾರಬಹುದು. ಒಂದು ಕಾಲದ ಕೈಪಿಡಿ ಹಿಡಿದು ಇನ್ನೊಂದು ಕಾಲದ ಬಂದೂಕು ಬಳಸುವುದು ಅಪಾಯ. ಸಂಗ್ರಹದ ಪ್ರತಿ ಕಪಾಟಿನಲ್ಲಿರಲಿ, ಬಳಕೆಗೆ ತಯಾರಕರ ಈಗಿನ ಕೈಪಿಡಿಯೇ ಬೇಕು.

ಅಚ್ಚುಮೊಳೆ:
ಮೂರನೆಯದು ಬೈಂಡಿಂಗ್ ದೋಷ. ಸೆಂಟರ್ ಪಿನ್ನಿಂಗ್ (ನಡುಮಡಿಕೆಯಲ್ಲಿ ಪಿನ್ ಹೊಡೆದ) ಪುಸ್ತಕದಲ್ಲಿ ಫಾರಂಗಳು, ಅಂದರೆ ಮಡಿಸಿದ ಅಚ್ಚುಹಾಳೆಗಳು, ಒಂದರೊಳಗೊಂದು ಕೂರುತ್ತವೆ. 8 ಪುಟದ ಫಾರಂ ಎರಡು ಸಲ ಸೇರಿಕೊಂಡರೆ ನೀವು ಹೇಳಿದಂತೆಯೇ ಮುಂದೆ ನಾಲ್ಕು, ಹಿಂದೆ ನಾಲ್ಕು ಪುಟ ಮರುಕಳಿಸುತ್ತವೆ. ಮೊದಲು ಪುಟಸಂಖ್ಯೆ ಕೊನೆತನಕ ಓದಿ. ಹೆಚ್ಚುವರಿ ಫಾರಂ ಬೇರೊಂದರ ಜಾಗದಲ್ಲಿ ಬಂದಿದ್ದರೆ ಅಷ್ಟೇ ಪುಟ ಕಾಣೆಯಾಗಿರುತ್ತವೆ. ಆಗ ಬೆಲೆ ಇಳಿಯಬೇಕು. ಇದು ಆ ಒಂದು ಪ್ರತಿಯ ಹಣೆಬರಹ, ಇದರಿಂದ ಮುದ್ರಣದ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಸಂಗ್ರಾಹಕರು ನಿಜಕ್ಕೂ ಹುಡುಕುವುದು ಒಂದು ಮುದ್ರಣದ ಎಲ್ಲ ಪ್ರತಿಗಳಲ್ಲೂ ಇದ್ದು, ಮುಂದಿನದರಲ್ಲಿ ತಿದ್ದಿದ ತಪ್ಪನ್ನು. ದಿನಾಂಕ ಅಚ್ಚಾಗದ ಕೈಪಿಡಿಯಲ್ಲಿ ಮೊದಲ ಮುದ್ರಣವನ್ನು ಗುರುತಿಸಲು ಅದೇ ಆಧಾರ. ಹೆಚ್ಚು ಸಿಗುವುದು ಬಿಡಿಭಾಗಗಳ ಚಿತ್ರದಲ್ಲಿ: ಕೊನೇ ಗಳಿಗೆಯಲ್ಲಿ ಒಂದು ಪಿನ್ ಸೇರಿಸಿ ಪಟ್ಟಿಗೆ ಹೊಸ ಸಂಖ್ಯೆ ಕೊಡುತ್ತಾರೆ, ಚಿತ್ರದ ಬ್ಲಾಕ್ (ಅಚ್ಚುಫಲಕ) ಹಳೆಯದೇ ಉಳಿಯುತ್ತದೆ. ಅಲ್ಲಿಂದ ಮುಂದೆ ಪ್ರತಿ ಸಂಖ್ಯೆಯೂ ಒಂದೊಂದು ಜಾರುತ್ತದೆ. ಸ್ಪ್ರಿಂಗ್ ಇರುವ ಕಡೆ ಸ್ಕ್ರೂ ಅಂತ ಓದುತ್ತೀರಿ. ಇನ್ನೊಂದು, ನೆಗೆಟಿವ್ ಮಗುಚಿ ಇಟ್ಟು ಎಡಬಲ ಅದಲುಬದಲಾದ ಫೋಟೋ. ತಪ್ಪು–ಒಪ್ಪು ಚೀಟಿ ಒಳಗೇ ಉಳಿದಿದ್ದರೆ ಇನ್ನೂ ಒಳ್ಳೆಯದು. ಪುಟ್ಟ ಚೀಟಿ, ಮೊದಲು ಕಳೆದುಹೋಗುವುದು ಅದೇ.

ಹಳೇಕಾಗದ:
ಬಂದೂಕಿನ ಕಾಕಿಂಗ್ ಹಿಡಿ (ಗುಂಡು ಒಳಸೇರಿಸಲು ಹಿಂದಕ್ಕೆಳೆಯುವುದು) ಎಡಕ್ಕಿದ್ದರೆ ಫೋಟೋ ಮಗುಚಿದೆ ಅಂತ ತೀರ್ಮಾನಿಸಬಹುದೇ?

ಕೋವಿಮನೆ:
ಆತುರ ಬೇಡ. ನಮ್ಮ ಸೈನ್ಯದಲ್ಲಿದ್ದ ಎಸ್‌ಎಲ್‌ಆರ್ ರೈಫಲ್‌ಗೆ ಕಾಕಿಂಗ್ ಹಿಡಿ ಎಡಕ್ಕೇ ಇದೆ, ಖಾಲಿ ತೋಟೆ ಹಾರುವ ಕಿಂಡಿ ಬಲಕ್ಕೆ. ಸ್ಟೆನ್ ಗನ್ನಿನ ಮ್ಯಾಗಜೀನ್ ಎಡಕ್ಕೆ ಚಾಚಿರುತ್ತದೆ. ಬ್ರೆನ್ ಮೆಷಿನ್ ಗನ್ನಿನಲ್ಲಿ ಮ್ಯಾಗಜೀನ್ ಮೇಲೆ ಇರುವುದರಿಂದ ಸೈಟ್‌ಗಳು ಎಡಕ್ಕೆ ಸರಿದಿವೆ. ಎಂ1 ಕಾರ್ಬೈನ್ ಹಿಡಿ ಮಾತ್ರ ಬಲಕ್ಕೇ. ಆಯಾ ಬಂದೂಕಿನ ಮೂರು ಗುರುತಾದರೂ ತಾಳೆ ನೋಡಿ. ಕೆತ್ತಿದ ಅಕ್ಷರ ತಿರುಗುಮುರುಗಾಗಿದ್ದರೆ ಅನುಮಾನವೇ ಇಲ್ಲ. ಫೋಟೋದಲ್ಲಿ ಮನುಷ್ಯನಿದ್ದರೆ ಅಂಗಿಯ ಗುಂಡಿಪಟ್ಟಿಯನ್ನೂ ಗಮನಿಸಿ.

ಅಚ್ಚುಮೊಳೆ:
ದುಡ್ಡು ಕೊಡುವ ಮೊದಲು ಮರುಮುದ್ರಣವೋ ಅಂತ ನೋಡಿಬಿಡಿ. ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಿಡಿಯಿರಿ. ಬಿಳುಪು ಹೆಚ್ಚಿಸುವ ರಾಸಾಯನಿಕ ಕಾಗದದಲ್ಲಿ ಸಾಮಾನ್ಯವಾದದ್ದು 1950ರ ಸುಮಾರಿಗೆ, ಹಾಗಾಗಿ 1942ರದ್ದೆನ್ನುವ ಹಾಳೆ ನೀಲಿಬಿಳುಪಾಗಿ ಹೊಳೆದರೆ ಬಿಟ್ಟುಬಿಡಿ. ಹೊಳೆಯದಿದ್ದರೂ ಅಷ್ಟಕ್ಕೇ ನಂಬಬೇಡಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್‌ನಲ್ಲಿ (ಪುಟ್ಟ ಭೂತಗನ್ನಡಿ) ಫೋಟೋ ನೋಡಿ. ಅಚ್ಚಾದದ್ದನ್ನೇ ಮತ್ತೆ ಫೋಟೋ ಹಿಡಿದಿದ್ದರೆ ಚುಕ್ಕಿಯ ಮೇಲೆ ಚುಕ್ಕಿ ಕೂತು ಅಲೆಅಲೆ ಕಾಣುತ್ತದೆ, ಸಣ್ಣಕ್ಷರದ ಅಂಚು ಊದಿಕೊಂಡಿರುತ್ತದೆ. ಪಿನ್ನಿನ ಪಕ್ಕ ಬೇರೆ ತೂತಿದ್ದರೆ ಯಾರೋ ಬಿಚ್ಚಿ ಮತ್ತೆ ಹೊಡೆದಿದ್ದಾರೆ, ಹಾಳೆ ಬದಲಾಗಿರಬಹುದು.

ಕೊಂಡಮೇಲೆ ತಪ್ಪನ್ನು ಪೆನ್ನಿನಲ್ಲಿ ತಿದ್ದಬೇಡಿ, ಲ್ಯಾಮಿನೇಷನ್ ಬೇಡ, ಟೇಪ್ ಬೇಡ. ಪಾಲಿಯೆಸ್ಟರ್ ಚೀಲದಲ್ಲಿಡಿ, ಪಿವಿಸಿ ಅಚ್ಚನ್ನು ಕಿತ್ತುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಪಿನ್ನು ಬೇಗ ತುಕ್ಕು ಹಿಡಿದು ನಡುಹಾಳೆಯನ್ನು ತಿನ್ನುತ್ತದೆ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು ತಿಂಗಳಿಗೊಮ್ಮೆ ಬದಲಿಸಿ.