ಡಿಜೆ ಕಲಿಯಬೇಕು ಅಂತಿದ್ದೇನೆ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮಸ್ತೆ ಮೇಡಂ. ಐದಾರು ವರ್ಷದಿಂದ ನನಗೆ ಹೌಸ್, ಟೆಕ್ನೋ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತದ ಹುಚ್ಚು. ಈಗ ನಾನೇ ಒಂದು ಹಾಡಿಗೆ ಇನ್ನೊಂದನ್ನು ಬೆಸೆದು ಮಿಕ್ಸ್ ಮಾಡಬೇಕು ಅನ್ನಿಸುತ್ತಿದೆ. ಕೆಲಸ ಬಿಡುವ ಯೋಚನೆ ಇಲ್ಲ, ಹವ್ಯಾಸಕ್ಕೆ ಅಷ್ಟೇ. ನನ್ನ ಹತ್ತಿರ ಇರುವುದು ಒಂದು ಹಳೆ ಲ್ಯಾಪ್‌ಟಾಪ್. ಗೆಳೆಯನೊಬ್ಬ ‘ತಗೊಂಡರೆ ನಾಲ್ಕು ಚಾನೆಲ್ ಕಂಟ್ರೋಲರ್ ತಗೋ’ ಅನ್ನುತ್ತಾನೆ, ಲ್ಯಾಪ್‌ಟಾಪಿಗೆ ಸಿಕ್ಕಿಸಿ ನಾಲ್ಕು ಹಾಡನ್ನು ಕೈಯಿಂದ ನಿಭಾಯಿಸುವ ಗುಂಡಿಗಳ ಪೆಟ್ಟಿಗೆ. ಇನ್ನೊಬ್ಬ ‘ವಿನೈಲ್ ರೆಕಾರ್ಡಿನಲ್ಲಿ ಕಲಿಯದಿದ್ದರೆ ಅದು ಕಲಿಕೆಯೇ ಅಲ್ಲ’ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ನಮಸ್ತೆ. ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಈ ವಾರ ಏನನ್ನೂ ಕೊಳ್ಳಬೇಡಿ. ಮಿಕ್ಸ್ (Mixxx) ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಹೆಸರಿನ ಕೊನೆಗೆ ಮೂರು ಎಕ್ಸ್ ಇರುವುದು. ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲಿ ಎರಡು ಡೆಕ್, ಅಂದರೆ ಒಂದೊಂದು ಹಾಡು ನುಡಿಸುವ ಎರಡು ಜಾಗ, ತೆರೆದು ಸುಮ್ನೆ ಆಡಿ ನೋಡಿ. ಎರಡು ವಾರ ಆದ ಮೇಲೂ ರಾತ್ರಿ ಊಟ ಮುಗಿಸಿ ಅದರ ಮುಂದೆಯೇ ಹೋಗಿ ಕೂರುತ್ತಿದ್ದರೆ ಆಗ ಖರ್ಚು ಮಾಡಿ.

ಕೊಳ್ಳುವಾಗ ಎರಡು ಚಾನೆಲ್‌ನ ಚಿಕ್ಕ ಕಂಟ್ರೋಲರ್ ಸಾಕು. ಒಂದೇ ಒಂದು ವಿಷಯ ನೋಡಿಕೊಳ್ಳಿ: ಅದರೊಳಗೇ ಸೌಂಡ್ ಕಾರ್ಡ್ ಇರಬೇಕು, ಹೆಡ್‌ಫೋನ್‌ಗೆ ಬೇರೆ, ಸ್ಪೀಕರ್‌ಗೆ ಬೇರೆ ಔಟ್‌ಪುಟ್ ಇರಬೇಕು. ಜನ ಒಂದು ಹಾಡು ಕೇಳುತ್ತಿರುವಾಗ ಮುಂದಿನ ಹಾಡನ್ನು ನೀವೊಬ್ಬರೇ ಹೆಡ್‌ಫೋನಿನಲ್ಲಿ ಕೇಳಿ ಸಿದ್ಧ ಮಾಡಿಕೊಳ್ಳಬೇಕಲ್ಲ, ಇಡೀ ಕೆಲಸ ನಿಂತಿರುವುದೇ ಅದರ ಮೇಲೆ. ಇದನ್ನು ಕ್ಯೂ ಮಾಡುವುದು ಅನ್ನುತ್ತೇವೆ. ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವಂಥದ್ದು, ತಂತಿ ಇರುವಂಥದ್ದೇ ಇರಲಿ. ಬ್ಲೂಟೂತ್ ಬೇಡ. ಅದರಲ್ಲಿ ಸದ್ದು ತಡವಾಗಿ ಬರುತ್ತದೆ, ತಾಳ ಕೂಡಿಸುವುದು ಆಗದ ಮಾತು.

ವಿನೈಲ್ ಬಗ್ಗೆ ನನಗೆ ಬಹಳ ಪ್ರೀತಿ. 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಸಾಲಿನ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಮೇಲೆಯೇ ನಾನು ಕಲಿತದ್ದು. ಆದರೆ ರೆಕಾರ್ಡು, ಸೂಜಿ, ಎರಡು ಟರ್ನ್‌ಟೇಬಲ್, ಅವುಗಳ ಸದ್ದು ಬೆರೆಸುವ ಮಿಕ್ಸರ್ ಎಲ್ಲ ಸೇರಿದರೆ ಹವ್ಯಾಸಕ್ಕೆ ಭಾರ ಜಾಸ್ತಿ. ಅದು ಕಲಿಸುವುದು ಕಿವಿಯನ್ನು ನಂಬುವುದನ್ನು. ಅದನ್ನು ಚಿಕ್ಕ ಕಂಟ್ರೋಲರ್‌ನಲ್ಲೂ ಕಲಿಯಬಹುದು.

ಪ್ರಶ್ನೆ (ಅದೇ ಸದಸ್ಯರು): ಹೇಗೆ ಮೇಡಂ? ಸಾಫ್ಟ್‌ವೇರಿನಲ್ಲಿ ಸಿಂಕ್ ಬಟನ್ ಒತ್ತಿದರೆ ಎರಡು ಹಾಡಿನ ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ವೇಗ) ತಾನೇ ಕೂಡಿಕೊಳ್ಳುತ್ತದೆ. ಅದನ್ನು ಒತ್ತುವುದು ಮೋಸ ಅಂತಾರೆ, ನಿಜವಾ?

ಉತ್ತರ: ಮೋಸ ಅಲ್ಲ. ನಾನೂ ಎಷ್ಟೋ ಸಲ ಒತ್ತುತ್ತೇನೆ. ಆದರೆ ಸಿಂಕ್ ನಂಬುವುದು ಸಾಫ್ಟ್‌ವೇರ್ ಹಾಕಿಕೊಂಡ ಬೀಟ್‌ಗ್ರಿಡ್ ಅನ್ನು, ಅಂದರೆ ಬೀಟ್ ಎಲ್ಲೆಲ್ಲಿ ಬೀಳುತ್ತದೆ ಅನ್ನುವ ಗುರುತುಗಳನ್ನು. ಆ ಗ್ರಿಡ್ ತಪ್ಪಿದ್ದರೆ ಸಿಂಕ್ ಕೂಡ ತಪ್ಪನ್ನೇ ಕೂಡಿಸುತ್ತದೆ. ಮನುಷ್ಯರೇ ಡ್ರಮ್ ಬಾರಿಸಿದ ಎಪ್ಪತ್ತರ ದಶಕದ ಡಿಸ್ಕೋ ಹಾಡನ್ನು ಹಾಕಿ ನೋಡಿ. ವೇಗ ಸ್ವಲ್ಪ ಹೆಚ್ಚು, ಸ್ವಲ್ಪ ಕಡಿಮೆ ಆಗುತ್ತಲೇ ಇರುತ್ತದೆ, ಗ್ರಿಡ್ ಹಿಂದೆ ಬೀಳುತ್ತದೆ. ಆಗ ಕೈ ಹಾಕಿ ಸರಿಪಡಿಸುವುದು ಗೊತ್ತಿರಬೇಕು.

ಒಂದು ಅಭ್ಯಾಸ ಹೇಳುತ್ತೇನೆ, ನನ್ನ ಹತ್ತಿರ ಬಂದ ಎಲ್ಲರಿಗೂ ಮೊದಲು ಇದನ್ನೇ ಮಾಡಿಸುತ್ತೇನೆ. ಎರಡೂ ಡೆಕ್‌ಗೆ ಒಂದೇ ಹಾಡು ಹಾಕಿ. ಸಿಂಕ್ ಬೇಡ. ವೇಗ ಎರಡಕ್ಕೂ ಒಂದೇ ಇರಲಿ. ಮೊದಲನೆಯದನ್ನು ಬಿಟ್ಟು, ಎರಡನೆಯದನ್ನು ಬೀಟ್ ನೋಡಿಕೊಂಡು ಕೈಯಿಂದ ಬಿಡಿ. ಸ್ವಲ್ಪ ಹೆಚ್ಚುಕಡಿಮೆ ಆದರೂ ಒಂದು ‘ದುಂ’ ಇದ್ದದ್ದು ‘ದುದುಂ’ ಆಗಿ ಕೇಳುತ್ತದೆ. ಡೆಕ್‌ನ ದುಂಡು ಚಕ್ರ, ಅಂದರೆ ಜಾಗ್ ವೀಲ್‌ನ ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಮುಂದೆ ತಳ್ಳಿ, ಹಿಂದೆ ಎಳೆಯಿರಿ. ‘ದುದುಂ’ ಹತ್ತಿರ ಹತ್ತಿರ ಬಂದು ಒಂದೇ ‘ದುಂ’ ಆಗುತ್ತದೆ. ಇನ್ನೂ ಹತ್ತಿರ ಬಂದಾಗ ಇಡೀ ಹಾಡಿನ ಮೇಲೆ ವಿಮಾನ ಹಾದುಹೋದಂಥ ಒಂದು ‘ಶೂ’ ಸದ್ದು ಏರಿ ಇಳಿಯುತ್ತದೆ. ಆ ಸದ್ದು ಬಂತು ಅಂದರೆ ನೀವು ಕೆಲವೇ ಮಿಲಿಸೆಕೆಂಡುಗಳ ಒಳಗೆ ಬಂದಿದ್ದೀರಿ ಅಂತ. ಮೊದಲ ಸಲ ಅದನ್ನು ಕೇಳಿದಾಗ ನನಗೆ ಮೈ ಜುಂ ಅಂದಿತ್ತು.

ಇದು ಕೈಗೆ ಬಂದ ಮೇಲೆ ಎರಡು ಬೇರೆ ಹಾಡು ತಗೊಳ್ಳಿ. ಪರದೆಯಲ್ಲಿ ಬಿಪಿಎಂ ತೋರಿಸುವ ಜಾಗಕ್ಕೆ ಕಾಗದ ಅಂಟಿಸಿ. ಎರಡನೇ ಹಾಡು ಹಿಂದೆ ಬೀಳುತ್ತಿದೆಯೋ ಮುಂದೆ ಓಡುತ್ತಿದೆಯೋ ಕಿವಿಯಲ್ಲೇ ಗುರುತಿಸಿ, ವೇಗ ಹೆಚ್ಚುಕಡಿಮೆ ಮಾಡುವ ಪಿಚ್ ಫೇಡರ್ ಸರಿಸಿ. ಮೊದಮೊದಲು ಯಾವುದು ಹಿಂದೆ, ಯಾವುದು ಮುಂದೆ ಅಂತಲೇ ತಿಳಿಯುವುದಿಲ್ಲ. ಎಲ್ಲರಿಗೂ ಹಾಗೇ. ದಿನಾ ಅರ್ಧ ಗಂಟೆ ಕೂತರೆ ಕೆಲವು ವಾರಗಳಲ್ಲಿ ಕಿವಿ ತೆರೆಯುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನೂ ಕಲಿಯುತ್ತಿದ್ದೇನೆ ಮೇಡಂ. ನನ್ನದು ಬೇರೆ ತೊಂದರೆ. ಬೀಟ್ ಪಕ್ಕಾ ಕೂಡಿರುತ್ತದೆ, ಆದರೂ ಎರಡು ಹಾಡು ಸೇರಿದಾಗ ಕಲಸುಮೇಲೋಗರ ಆದ ಹಾಗೆ ಕೇಳುತ್ತದೆ. ಎಲ್ಲಿ ತಪ್ಪುತ್ತಿದೆ?

ಉತ್ತರ: ಎರಡು ಜಾಗದಲ್ಲಿ ತಪ್ಪುತ್ತಿರಬಹುದು. ಒಂದು ಎಣಿಕೆ, ಇನ್ನೊಂದು ಬೇಸ್, ಅಂದರೆ ತಗ್ಗಿನ ಗುಡುಗುವ ಸದ್ದು.

ಎಣಿಕೆ ಮೊದಲು. ಈ ಸಂಗೀತ ನಾಲ್ಕು ನಾಲ್ಕು ಬೀಟ್ ಆಗಿ ನಡೆಯುತ್ತದೆ. ನಾಲ್ಕು ಬೀಟ್‌ಗೆ ಒಂದು ಬಾರ್. ಎಂಟು ಬಾರ್, ಅಂದರೆ 32 ಬೀಟ್ ಆದಾಗ ಸಾಮಾನ್ಯವಾಗಿ ಏನಾದರೂ ಬದಲಾಗುತ್ತದೆ: ಹೈ-ಹ್ಯಾಟ್ (ಚಿಕ್ಕ ತಾಳದ ‘ಚಿಕ್ ಚಿಕ್’ ಸದ್ದು) ಸೇರುತ್ತದೆ, ದನಿ ಬರುತ್ತದೆ, ಕಿಕ್ (ಡ್ರಮ್‌ನ ‘ದುಂ’) ನಿಲ್ಲುತ್ತದೆ. ನಮ್ಮ ತಾಳದ ಆವರ್ತನ ಇದ್ದ ಹಾಗೆ ಅಂದುಕೊಳ್ಳಿ. ಇದನ್ನು ಫ್ರೇಸ್ ಅನ್ನುತ್ತೇವೆ. 128 ಬಿಪಿಎಂ ಹಾಡಿನಲ್ಲಿ 32 ಬೀಟ್‌ಗೆ ಸರಿಯಾಗಿ 15 ಸೆಕೆಂಡು. ಹಳೆ ಹಾಡಿನ ಆವರ್ತನದ ಮಧ್ಯದಲ್ಲಿ ನೀವು ಹೊಸದನ್ನು ಶುರು ಮಾಡಿದರೆ ಬೀಟ್ ಕೂಡಿದ್ದರೂ ಮಾತು ಕೂಡುವುದಿಲ್ಲ. ಒಂದು ಹಾಡು ಏರುತ್ತಿರುವಾಗ ಇನ್ನೊಂದು ಇಳಿಯುತ್ತದೆ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಿದ ಹಾಗೆ. ಹೊಸ ಹಾಡಿನ ಮೊದಲ ಬೀಟ್ ಹಳೆ ಹಾಡಿನ ಆವರ್ತನದ ಮೊದಲ ಬೀಟ್ ಮೇಲೆಯೇ ಬೀಳಬೇಕು. ಬಸ್ಸಿನಲ್ಲಿ ಹಾಡು ಕೇಳುವಾಗಲೂ ತೊಡೆ ಮೇಲೆ ಬೆರಳು ಬಡಿದು ಎಣಿಸಿ. ಕೆಲವು ದಿನ ಆದ ಮೇಲೆ ಎಣಿಸುವುದೇ ಬೇಡ, ಬದಲಾವಣೆ ಬರುತ್ತಿದೆ ಅಂತ ಮೈಗೇ ಗೊತ್ತಾಗುತ್ತದೆ.

ಇನ್ನು ಬೇಸ್. ಎರಡು ಹಾಡಿನ ಕಿಕ್, ಎರಡು ಬೇಸ್‌ಲೈನ್ ಒಟ್ಟಿಗೆ ಬಂದರೆ ಕೆಳಗಿನ ಸದ್ದು ಊದಿಕೊಂಡು ಎಲ್ಲವನ್ನೂ ನುಂಗುತ್ತದೆ. ಆದ್ದರಿಂದ ಹೊಸ ಹಾಡನ್ನು ಅದರ ಬೇಸ್ ಏರಿಳಿಸುವ ಲೋ ನಾಬ್ ಪೂರ್ತಿ ಇಳಿಸಿಯೇ ಒಳಗೆ ತನ್ನಿ. ಮೊದಲಿಗೆ ಅದರ ಹೈ-ಹ್ಯಾಟ್, ಚಪ್ಪಾಳೆ ಮಾತ್ರ ಹಳೆ ಹಾಡಿನ ಮೇಲೆ ತೇಲಲಿ. ಸದ್ದಿನ ಫೇಡರ್ ನಿಧಾನಕ್ಕೆ ಏರಿಸಿ. 32 ಮುಗಿದು ಮುಂದಿನ ‘ಒಂದು’ ಬೀಳುವ ಕ್ಷಣಕ್ಕೆ ಎರಡೂ ಕೈ ಒಟ್ಟಿಗೆ ತಿರುಗಬೇಕು: ಎಡಗೈ ಹಳೆಯದರ ಲೋ ಇಳಿಸುತ್ತದೆ, ಬಲಗೈ ಹೊಸದರ ಲೋ ಏರಿಸುತ್ತದೆ. ಸರಿಯಾಗಿ ಆದರೆ ನೆಲವೇ ಬದಲಾದ ಹಾಗೆ ಅನ್ನಿಸುತ್ತದೆ, ಕುಣಿಯುವವರ ಹೆಜ್ಜೆ ಮಾತ್ರ ತಪ್ಪುವುದಿಲ್ಲ. ಈ ಒಂದು ಚಲನೆಯನ್ನು ನೂರು ಸಲ ಮಾಡಿ. ಎಫೆಕ್ಟ್ ಬಟನ್‌ಗಳ ಕಡೆ ಆಮೇಲೆ ಹೋದರಾಯಿತು.

ಒಂದು ಮಾತು ಬಿಟ್ಟಿದ್ದೆ. ಹಾಡು ತಗೊಳ್ಳುವಾಗ ರೇಡಿಯೋ ಎಡಿಟ್ ಬೇಡ, ಎಕ್ಸ್‌ಟೆಂಡೆಡ್ ಮಿಕ್ಸ್ ತಗೊಳ್ಳಿ. ಅದರ ಹಿಂದೆ ಮುಂದೆ ಬರೀ ಡ್ರಮ್ ಇರುವ ಭಾಗ ಬಿಟ್ಟಿರುವುದೇ ನಮಗೋಸ್ಕರ. ಮೂರು ನಿಮಿಷದ ಎಡಿಟ್‌ನಲ್ಲಿ ಮಿಕ್ಸ್ ಮಾಡಲು ಜಾಗವೇ ಇರುವುದಿಲ್ಲ.

ಪ್ರಶ್ನೆ (ಮತ್ತೊಬ್ಬರು): ಈ 8ಎ, 9ಎ ಅಂತ ಹಾಡಿನ ಪಕ್ಕ ಬರೆದಿರುತ್ತದಲ್ಲ, ಅದು ಏನು? ಅದನ್ನು ಪಾಲಿಸಲೇಬೇಕಾ?

ಉತ್ತರ: ಅದು ಹಾಡಿನ ಕೀ, ಶ್ರುತಿ ಅನ್ನಿ. ಸಂಗೀತ ಶಾಸ್ತ್ರ ಗೊತ್ತಿಲ್ಲದವರಿಗೂ ಸುಲಭ ಆಗಲಿ ಅಂತ ಗಡಿಯಾರದ ಹಾಗೆ 1ರಿಂದ 12ರವರೆಗೆ ಬರೆದಿರುವ ಕ್ಯಾಮೆಲಾಟ್ ಚಕ್ರ. ಎ ಅಂದರೆ ಮೈನರ್, ಬಿ ಅಂದರೆ ಮೇಜರ್. 8ಎ ಹಾಡಿಗೆ 7ಎ, 9ಎ, 8ಬಿ ಹೊಂದಿಕೊಳ್ಳುತ್ತವೆ. ಇನ್ನೊಂದು 8ಎ ಹೇಗೂ ಸರಿ. ಆದರೆ ಕೀ ಲಾಕ್ (ವೇಗ ಬದಲಾದರೂ ಶ್ರುತಿ ಬದಲಾಗದಂತೆ ಹಿಡಿದಿಡುವುದು) ಹಾಕದೆ ವೇಗವನ್ನು ಶೇಕಡಾ 6ರಷ್ಟು ಏರಿಸಿದರೆ ಶ್ರುತಿ ಹತ್ತಿರ ಹತ್ತಿರ ಒಂದು ಸೆಮಿಟೋನ್, ಅಂದರೆ ಒಂದು ಸ್ವರಸ್ಥಾನ, ಮೇಲೇರುತ್ತದೆ. ಆಗ ನಿಮ್ಮ 8ಎ ಹಾಡು 3ಎ ಆಗಿಬಿಟ್ಟಿರುತ್ತದೆ, ಪರದೆ ಮಾತ್ರ 8ಎ ಅಂತಲೇ ತೋರಿಸುತ್ತಿರಬಹುದು. ಡ್ರಮ್ ಮೇಲೆ ಡ್ರಮ್ ಕೂಡಿಸುವಾಗ ಇದರ ಚಿಂತೆ ಬೇಡ. ದನಿ, ಪಿಯಾನೋ ಒಟ್ಟಿಗೆ ಬರುವಾಗ ನೋಡಿಕೊಳ್ಳಿ.

ಪ್ರಶ್ನೆ (ಮೊದಲ ಸದಸ್ಯರು): ಹಾಡುಗಳನ್ನು ಆರಿಸುವುದು ಹೇಗೆ? ನನ್ನ ಹತ್ತಿರ ಆಗಲೇ ಎರಡು ಸಾವಿರ ಸೇರಿವೆ.

ಉತ್ತರ: ಅದರಲ್ಲಿ ನಲವತ್ತು ಆರಿಸಿ, ಉಳಿದವನ್ನು ಬೇರೆ ಫೋಲ್ಡರ್‌ಗೆ ಹಾಕಿ. ಮೂರು ತಿಂಗಳು ಆ ನಲವತ್ತರಲ್ಲೇ ಇರಿ. ಯಾವ ಹಾಡಿನಲ್ಲಿ ಕಿಕ್ ಎಲ್ಲಿ ನಿಲ್ಲುತ್ತದೆ, ದನಿ ಎಷ್ಟನೇ ನಿಮಿಷಕ್ಕೆ ಬರುತ್ತದೆ ಅಂತ ಕಣ್ಣು ಮುಚ್ಚಿ ಹೇಳುವಂತಾಗಬೇಕು. ನನ್ನ ಅನುಭವದಲ್ಲಿ ಹೊಸಬರು ಸೋಲುವುದು ಕೈಯಿಂದಲ್ಲ, ತಮ್ಮ ಹಾಡುಗಳೇ ತಮಗೆ ಗೊತ್ತಿಲ್ಲದಿರುವುದರಿಂದ.

ಬೇರುಗಳನ್ನೂ ಕೇಳಿ. ‘ಹೌಸ್’ ಅನ್ನುವ ಹೆಸರು ಬಂದದ್ದು ಶಿಕಾಗೋದ ವೇರ್‌ಹೌಸ್ ಕ್ಲಬ್‌ನಿಂದ ಅಂತ ಹೇಳುತ್ತಾರೆ. ಅಲ್ಲಿ 1977ರಿಂದ ನುಡಿಸುತ್ತಿದ್ದವರು ಫ್ರಾಂಕಿ ನಕಲ್ಸ್. ಟೆಕ್ನೋಗೆ ಡೆಟ್ರಾಯ್ಟ್‌ನ ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ಅವರನ್ನು ಕೇಳಿದ ಮೇಲೆ ಇವತ್ತಿನ ಹಾಡಿನಲ್ಲಿ ಯಾವುದು ಎಲ್ಲಿಂದ ಬಂತು ಅಂತ ಕೇಳಿಸತೊಡಗುತ್ತದೆ, ಎರಡು ಹಾಡುಗಳ ನಡುವಿನ ನಂಟು ತಾನಾಗಿ ಹೊಳೆಯುತ್ತದೆ.

ಹಾಡನ್ನು ದುಡ್ಡು ಕೊಟ್ಟೇ ತಗೊಳ್ಳಿ. ಬ್ಯಾಂಡ್‌ಕ್ಯಾಂಪ್, ಬೀಟ್‌ಪೋರ್ಟ್‌ನಂಥ ಹಾಡು ಮಾರುವ ತಾಣಗಳಿವೆ. ಎಂಪಿ3 ಆದರೆ 320 ಕೆಬಿಪಿಎಸ್ ಇರಲಿ. ವಿಡಿಯೋದಿಂದ ಎಳೆದುಕೊಂಡ ಫೈಲ್ ಫೋನಿನಲ್ಲಿ ಚೆನ್ನಾಗೇ ಕೇಳುತ್ತದೆ, ದೊಡ್ಡ ಸ್ಪೀಕರ್‌ನಲ್ಲಿ ಹೈ-ಹ್ಯಾಟ್ ಎಲ್ಲ ಮರಳು ಸುರಿದ ಹಾಗಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಹಾಡು ಮಾಡಿದವರಿಗೆ ಏನಾದರೂ ಸೇರಬೇಕಲ್ವಾ?

ಪ್ರಶ್ನೆ (ಎರಡನೇ ಸದಸ್ಯರು): ಮುಂದಿನ ತಿಂಗಳು ಮೊದಲ ಸಲ ಜನರ ಮುಂದೆ ನುಡಿಸುತ್ತಿದ್ದೇನೆ, ಶುರುವಿನ ಒಂದು ಗಂಟೆ. ತುಂಬಾ ಭಯ.

ಉತ್ತರ: ಶುರುವಿನ ಗಂಟೆ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆ ಹೊತ್ತಿಗೆ ಜನ ಬರುತ್ತಿರುತ್ತಾರೆ, ಮಾತಾಡುತ್ತಿರುತ್ತಾರೆ. ನಿಮ್ಮ ಅತಿ ಜೋರಿನ ಹಾಡುಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಮೆಲ್ಲಗೆ ಬಿಸಿ ಮಾಡಿ, ನಿಮ್ಮ ನಂತರ ಬರುವವರಿಗೆ ಏರಲು ಜಾಗ ಬಿಡಿ.

ಹಾಡು ತುಂಬಿದ ಪೆನ್‌ಡ್ರೈವ್ ಎರಡು ತಗೊಂಡು ಹೋಗಿ. ಎರಡನ್ನೂ ಫ್ಯಾಟ್32 (ಹಳೆ ಪ್ಲೇಯರ್‌ಗಳೂ ಓದುವ ಮಾದರಿ) ನಲ್ಲಿ ಫಾರ್ಮ್ಯಾಟ್ ಮಾಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಮೊದಲ ಸಲ ಹೊರಗೆ ನುಡಿಸಲು ಹೋದಾಗ ನನ್ನ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಅನ್ನುವ ಬೇರೆ ಮಾದರಿಯಲ್ಲಿತ್ತು. ಅಲ್ಲಿದ್ದ ಹಳೆ ಪ್ಲೇಯರ್ ಅದನ್ನು ಓದಲೇ ಇಲ್ಲ, ಪರದೆಯಲ್ಲಿ ಒಂದು ಹಾಡೂ ಕಾಣಲಿಲ್ಲ. ನನಗಿಂತ ಮೊದಲು ನುಡಿಸುತ್ತಿದ್ದವರು ಏನೂ ಆಗಿಲ್ಲ ಅನ್ನುವ ಹಾಗೆ ಇನ್ನಿಪ್ಪತ್ತು ನಿಮಿಷ ಮುಂದುವರಿಸಿದರು, ಅಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಇನ್ನೊಂದನ್ನು ಸಿದ್ಧ ಮಾಡಿಕೊಂಡೆ. ಅವರ ಉಪಕಾರ ಇವತ್ತಿಗೂ ಮರೆತಿಲ್ಲ.

ಮಿಕ್ಸರಿನ ದೀಪ ಕೆಂಪಿಗೆ ಹೋಗಲು ಬಿಡಬೇಡಿ. ಸದ್ದು ಸಾಲದು ಅನ್ನಿಸಿದರೆ ಸೌಂಡ್ ನೋಡಿಕೊಳ್ಳುವವರಿಗೆ ಹೇಳಿ, ನೀವೇ ಗೇನ್ ಏರಿಸಬೇಡಿ. ಕೆಂಪಿಗೆ ಹೋದರೆ ಸದ್ದು ಜಾಸ್ತಿ ಆಗುವುದಿಲ್ಲ, ಒಡೆಯುತ್ತದೆ.

ಇನ್ನು ಕಿವಿ. ದಯವಿಟ್ಟು ಇದನ್ನು ಎಲ್ಲರೂ ಓದಿ. ಕೆಲಸದ ಜಾಗದ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ ಬಂದರೆ 15 ನಿಮಿಷ ಅಷ್ಟೇ. ಕ್ಲಬ್‌ನಲ್ಲಿ ಅಷ್ಟು ಸದ್ದು ಸಾಮಾನ್ಯ. ಸಂಗೀತಗಾರರಿಗೆಂದೇ ಮಾಡಿದ ಇಯರ್‌ಪ್ಲಗ್ ಸಿಗುತ್ತವೆ, ಎಲ್ಲ ಸ್ವರವನ್ನೂ ಸಮನಾಗಿ ತಗ್ಗಿಸುತ್ತವೆ. ಕಂಟ್ರೋಲರ್‌ಗಿಂತ ಮೊದಲು ಅದನ್ನು ಕೊಂಡರೂ ನಾನು ಸಂತೋಷಪಡುತ್ತೇನೆ. ನನ್ನ ಎಡಗಿವಿಯಲ್ಲಿ ‘ಗುಂಯ್’ ಅನ್ನುವುದು ಈಗ ನಿಲ್ಲುವುದೇ ಇಲ್ಲ. ಹೋದ ಕಿವಿ ವಾಪಸ್ ಬರುವುದಿಲ್ಲ.

ಮೊದಲ ಸದಸ್ಯರು (ಎರಡು ತಿಂಗಳ ನಂತರ): ಮೇಡಂ, ಚಿಕ್ಕ ಕಂಟ್ರೋಲರ್ ತಗೊಂಡೆ. ನಲವತ್ತು ಹಾಡಿನಲ್ಲೇ ಇದ್ದೇನೆ. ನಿನ್ನೆ ಮೂವತ್ತು ನಿಮಿಷ ರೆಕಾರ್ಡ್ ಮಾಡಿ ಮೇಲೆ ಹಾಕಿದ್ದೇನೆ. ಹನ್ನೊಂದನೇ ನಿಮಿಷದಲ್ಲಿ ಬೀಟ್ ಜಾರಿದೆ, ನನಗೇ ಕೇಳಿಸುತ್ತದೆ.

ಉತ್ತರ: ಪೂರ್ತಿ ಕೇಳಿದೆ, ಎರಡು ಸಲ. ಜಾರಿದ್ದು ನಿಮಗೇ ಕೇಳಿಸಿತಲ್ಲ, ಅದೇ ನನಗೆ ತುಂಬಾ ಖುಷಿ. ಅಲ್ಲಿ ನೀವು ಗಾಬರಿಯಾಗಿ ಜಾಗ್ ವೀಲ್ ಜೋರಾಗಿ ತಳ್ಳಿದ್ದೀರಿ, ಹೊಸ ಹಾಡು ಹಿಂದಿದ್ದದ್ದು ಮುಂದಕ್ಕೆ ಹಾರಿಬಿಟ್ಟಿತು. ಮುಂದಿನ ಸಲ ಅದರ ಫೇಡರ್ ಸ್ವಲ್ಪ ಇಳಿಸಿ, ಹೆಡ್‌ಫೋನಿನಲ್ಲಿ ಸರಿಮಾಡಿಕೊಂಡು ಮತ್ತೆ ಏರಿಸಿ. ಹತ್ತೊಂಬತ್ತನೇ ನಿಮಿಷದ ಬೇಸ್ ಬದಲಾವಣೆ ಮಾತ್ರ ನಾನು ಮಾಡಿದ್ದರೂ ಹಾಗೇ ಮಾಡುತ್ತಿದ್ದೆ. ಆ ಎರಡು ಹಾಡಿನ ಹೆಸರು ಇಲ್ಲಿ ಹಾಕಿ, ನನಗೂ ಬೇಕು.